ದೋಸೆ ಭಟ್ರು ಬಿಟ್ಟ ಗೋಲು

ಕ್ರೋಂಪೇಟೆಯ ಆ ಪಂದ್ಯದಲ್ಲಿ ನಮ್ಮ ತಂಡದ ಮೇಲೆ ಬಿದ್ದ ಗೋಲು ನನ್ನದು. ನಾನು ಆಡಿದವನಲ್ಲ. ಗೆರೆಯ ಹೊರಗೆ, ಒಂದು ಕೈಯಲ್ಲಿ ನೇಂದ್ರಬಾಳೆ ಚಿಪ್ಸಿನ ಪೊಟ್ಟಣ, ಇನ್ನೊಂದರಲ್ಲಿ ಮಾವನ ಕೊಡೆ ಹಿಡಿದು ನಿಂತಿದ್ದ ಪ್ರೇಕ್ಷಕ. ಕಾಲು ಎತ್ತದೆ, ಬೆವರು ಹನಿಸದೆ, ಬರೀ ಬಾಯಿಯಿಂದ, ಅದೂ ಸ್ವಂತ ತಂಡದ ಮೇಲೆಯೇ ಗೋಲು ಹೊಡೆದವನು ಚೆನ್ನೈಯಲ್ಲಿ ಇನ್ನೊಬ್ಬನಿದ್ದರೆ ಬರಲಿ, ಇಬ್ಬರೂ ಸೇರಿ ಸಂಘ ಕಟ್ಟೋಣ.

ತಂಡವೆಂದರೆ ತ್ರಿಪ್ಲಿಕೇನಿನ ನನ್ನ ಸೋದರಮಾವನ ಹೋಟೆಲಿನ ತಂಡ. ಅಡುಗೆಯವರು, ಸಪ್ಲೈಯರುಗಳು, ಹಿಟ್ಟು ರುಬ್ಬುವವರು, ಎಲ್ಲರೂ ಕುಂದಾಪುರದ ಆಚೀಚಿನವರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವಿನ ಬಿಡುವಿನಲ್ಲಿ ಮರೀನಾದ ಸುಡುವ ಮರಳಿನ ಮೇಲೆ ಒದ್ದು ಕಲಿತ ಫುಟ್‌ಬಾಲ್ ಇವರದು. ಯಾವ ಲೀಗಿನವರೂ ಇವರನ್ನು ಒಳಗೆ ಬಿಟ್ಟುಕೊಂಡಿಲ್ಲ. ಆದರೆ ಹೀಗೆ ಹೊರಗುಳಿದ ತಂಡಗಳಿಗೆಂದೇ ವರ್ಷಕ್ಕೊಂದು ಕಪ್ ನಡೆಯುತ್ತದೆ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಆ ವರ್ಷ ನಮ್ಮವರು ಹೇಗೋ ಸೆಮಿಫೈನಲ್ ಮುಟ್ಟಿದ್ದರು. ಎದುರಾಳಿಗಳು ಕ್ರೋಂಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರರು. ಮೈದಾನವೂ ಅವರದೇ.

ನನಗೆ ಅಡ್ಯಾರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಫುಟ್‌ಬಾಲಿನಲ್ಲಿ ನನ್ನ ಯೋಗ್ಯತೆ ಚೆಂಡು ಚರಂಡಿಗೆ ಬಿದ್ದರೆ ತೆಗೆದುಕೊಡುವಷ್ಟು. ಇರುವುದೊಂದೇ ಬಂಡವಾಳ, ಗಂಟಲು. ನಮ್ಮ ಮ್ಯಾನೇಜರ್ ಕೆಮ್ಮುವುದು, ಅಪ್ಪ ಫೋನಿನಲ್ಲಿ ಊರಿನವರ ಜೊತೆ ಕೂಗುವುದು, ಹುಡುಗಿಯೊಬ್ಬಳು ಮಾತಾಡಿಸಿದರೆ ನಾನು ತೊದಲುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಕೊನೆಯದಕ್ಕೇ ಜನ ಹೆಚ್ಚು ನಗುತ್ತಾರೆ.

ನಮ್ಮ ಗೋಲ್‌ಕೀಪರ್ ದೋಸೆ ಭಟ್ರು. ಅಡುಗೆಮನೆಯಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಕಾವಲಿಯ ಮುಂದೆ ನಿಲ್ಲುತ್ತಾರೆ. ಸಪ್ಲೈಯರುಗಳು ಬೆನ್ನ ಹಿಂದಿನಿಂದ ಕೂಗುತ್ತಾರೆ, "ಎರಡ್ ಮಸಾಲೆ, ಒಂದ್ ಸಾದಾ." ಭಟ್ರು ತಿರುಗುವುದಿಲ್ಲ. "ಆಯ್ತ್" ಎನ್ನುತ್ತಾರೆ. ನಾಲ್ಕು ಜನ ಒಟ್ಟಿಗೆ ಕೂಗಿದರೂ ಯಾರ ಸ್ವರ ಯಾವುದು, ಯಾರಿಗೆ ಯಾವ ದೋಸೆ ಎಂಬುದು ತಪ್ಪಿದ್ದನ್ನು ನಾನು ಕಂಡಿಲ್ಲ. ಇದೇ ಪದ್ಧತಿಯನ್ನು ಮೈದಾನಕ್ಕೂ ತಂದಿದ್ದರು. ತಂಡದ ಕ್ಯಾಪ್ಟನ್ ಹೋಟೆಲಿನ ಹಿರಿಯ ಸಪ್ಲೈಯರ್. ಆಡುವುದು ಗೋಲಿನ ಮುಂದೆ, ಬ್ಯಾಕ್ ಆಗಿ. ಭಟ್ರ ಕಣ್ಣು ಚೆಂಡಿನ ಮೇಲೆ, ಕಿವಿ ಕ್ಯಾಪ್ಟನ್ ಮೇಲೆ. "ಹಿಡೀರಿ" ಎಂದರೆ ಹಿಡಿಯುವುದು. "ಬಿಡಿ ಭಟ್ರೇ, ನಂದು" ಎಂದರೆ ಕೈ ಎತ್ತಿ ಬಿಡುವುದು, ಆಮೇಲೆ ಕ್ಯಾಪ್ಟನ್ ಬಂದು ಒದ್ದು ದಾಟಿಸುವುದು. ಅತ್ತಿತ್ತ ನೋಡುವ ಮಾತೇ ಇಲ್ಲ. ಬೇರೆ ತಂಡಗಳಲ್ಲಿ ನೀನು, ನಾನು ಎಂದು ಇಬ್ಬರೂ ಓಡಿ ಡಿಕ್ಕಿ ಹೊಡೆಯುವ ಜಾಗದಲ್ಲಿ ನಮ್ಮವರು ಮಸಾಲೆ ದೋಸೆ ದಾಟಿಸಿದಷ್ಟು ಸಲೀಸಾಗಿ ಚೆಂಡು ದಾಟಿಸುತ್ತಿದ್ದರು.

ಆ ವರ್ಷ ಹೋಟೆಲಿಗೆ ಹೊಸ ಕ್ಯಾಶಿಯರ್ ಬಂದಿದ್ದ. ಎತ್ತರದವ. ಹಾರಿ ಚೆಂಡು ಹಿಡಿಯುವ ವಿಡಿಯೋಗಳನ್ನು ಕೌಂಟರಿನ ಕೆಳಗೆ ಫೋನ್ ಇಟ್ಟುಕೊಂಡು ನೋಡುವವ. ಮಾವನ ಕಣ್ಣು ಅವನ ಮೇಲೆ ಬಿದ್ದಿತ್ತು. ಪಾರ್ಕ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೇನ್ ಹತ್ತಿ ಕೂತ ಮೇಲೆ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಭಟ್ರೇ, ನಿಮ್ಗೂ ಐವತ್ತರ ಹತ್ರ ಬಂತ್. ಇವತ್ ಒಂದ್ ಪೆದ್ದ್ ಗೋಲ್ ಬಿಟ್ರೆ ಬಪ್ಪ ವರ್ಷ ಗ್ಲೌಸ್ ಇವ್ನಿಗೆ. ಒಪ್ಪಿಗೆಯಾ?"

"ಆಯ್ತ್" ಎಂದರು ಭಟ್ರು.

ಮಸಾಲೆಗೂ ಆಯ್ತ್, ಸಾದಾಕ್ಕೂ ಆಯ್ತ್, ಇದಕ್ಕೂ ಆಯ್ತ್. ಆದರೆ ಚೀಲದಿಂದ ಗ್ಲೌಸ್ ತೆಗೆದು ತೊಡೆಯ ಮೇಲಿಟ್ಟುಕೊಂಡವರು ಕ್ರೋಂಪೇಟೆ ಬರುವವರೆಗೂ ಅವುಗಳ ಮೇಲಿನಿಂದ ಕೈ ತೆಗೆಯಲಿಲ್ಲ. ಹೆಂಡತಿ ಮಕ್ಕಳು ಊರಿನಲ್ಲಿ. ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಅವರ ಚಾಪೆಯ ನೇರಕ್ಕೆ ಒಂದು ಮೊಳೆ, ಆ ಮೊಳೆಯಲ್ಲಿ ಈ ಗ್ಲೌಸ್. ವಾರವಿಡೀ ಗೋಡೆ ನೋಡಿಕೊಂಡು ನಿಲ್ಲುವ ಮನುಷ್ಯ ಗೋಡೆ ಬಿಟ್ಟು ಬೇರೇನಾದರೂ ನೋಡುತ್ತಾ ನಿಲ್ಲುವುದು ಗೋಲಿನಲ್ಲಿ ಮಾತ್ರ.

ಟ್ರೇನಿನಲ್ಲಿ ಬಿಗಿ ಸಡಿಲಿಸಲೆಂದು ನಾನು ಆಟ ಶುರುಮಾಡಿದೆ. ಮೊದಲು ಮಾವ ಚಿಲ್ಲರೆ ಇಲ್ಲವೆನ್ನುವುದು. ಆಮೇಲೆ ಕ್ಯಾಪ್ಟನ್. ಅವರದು ಮೂಗಿನಲ್ಲಿ ಹುಟ್ಟಿ, ಕೊನೆಯಲ್ಲಿ ಗಾಳಿಪಟದ ಹಾಗೆ ಮೇಲೇರುವ ಸ್ವರ. ಅದನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಗಿತ್ತು. ಸಪ್ಲೈಯರುಗಳು ಬಿದ್ದು ಬಿದ್ದು ನಕ್ಕರು. ಕ್ಯಾಪ್ಟನ್ ಮಾತ್ರ, "ನಾನ್ ಹಾಂಗ್ ಕೂಗುದಿಲ್ಲ ಮಾರಾಯಾ" ಎಂದರು, ಅದೇ ಸ್ವರದಲ್ಲಿ. ಮತ್ತೆ ನಗು.

"ಭಟ್ರದ್ದ್ ಮಾಡು" ಎಂದ ಯಾರೋ.

"ಅವ್ರ್ ಮಾತಾಡಿದ್ರೆ ಅಲ್ದಾ ಮಾಡುದು" ಎಂದೆ. ಭಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೈದಾನದ ಪಕ್ಕದಲ್ಲೇ ಕಾರ್ಖಾನೆಯ ಕಾಂಪೌಂಡ್ ಗೋಡೆ. ಚರ್ಮದ ವಾಸನೆ ನಮ್ಮವರ ಮೂಗಿಗೆ ಹೊಸತು, ಒಬ್ಬೊಬ್ಬರೂ ಟವೆಲ್ ಮುಚ್ಚಿಕೊಂಡರು. ಅದನ್ನು ಕಂಡು ಅವರ ಕಡೆಯವರಿಗೆ ಆಗಲೇ ಸಿಟ್ಟು. ಗೋಲಿನ ಹಿಂದೆ ಗುಂಪಾಗಿ ನಿಂತು ಭಟ್ರನ್ನು ಕೆಣಕತೊಡಗಿದರು. "ಅಣ್ಣಾ, ದೋಸೈ ಕರುಗುದು, ತಿರುಪ್ಪುಂಗ." ದೋಸೆ ಸೀಯುತ್ತಿದೆ, ಮಗುಚಿ ಹಾಕಿ. ಭಟ್ರು ತಿರುಗಲಿಲ್ಲ. ಬಾಟಲಿಯಿಂದ ಬೆರಳಿಗೆ ನೀರು ತೆಗೆದುಕೊಂಡು, ಕಾದ ಕಾವಲಿಗೆ ಚಿಮುಕಿಸುವ ಹಾಗೆ ಗೋಲಿನ ಗೆರೆಯ ಮೇಲೆ ಚಿಮುಕಿಸಿದರು. ಪ್ರತಿ ಪಂದ್ಯಕ್ಕೂ ಅದೇ ಅವರ ಶಾಸ್ತ್ರ.

ನೆಲ ಕಲ್ಲಿನಂತಿತ್ತು. ಮರಳಿನಲ್ಲಿ ಆಡಿದವರಿಗೆ ಚೆಂಡು ಅಷ್ಟು ಎತ್ತರ ಪುಟಿಯುವುದೇ ಗಾಬರಿ. ಆದರೂ ಹಿಡಿದು ನಿಂತರು. "ಹಿಡೀರಿ", ಭಟ್ರು ಹಿಡಿದರು. "ಬಿಡಿ ಭಟ್ರೇ, ನಂದು", ಭಟ್ರು ಬಿಟ್ಟರು. ನನ್ನ ಪಕ್ಕದಲ್ಲಿ ಮಾವ ಪ್ರತಿ ಸಲವೂ ಉಸಿರು ಎಳೆದುಕೊಳ್ಳುತ್ತಿದ್ದರು. ಬಿಡುವುದು ಮರೆಯುತ್ತಿದ್ದರು.

ಅರ್ಧ ಆಟ ಮುಗಿಯುತ್ತ ಬಂದಾಗ ಕ್ಯಾಪ್ಟನ್ ಗೋಲಿನಿಂದ ದೂರದಲ್ಲಿ ಕೂತು ಶೂ ದಾರ ಕಟ್ಟುತ್ತಿದ್ದರು. ಎದುರಾಳಿಯೊಬ್ಬ ನಡು ಮೈದಾನದಿಂದ ಸುಮ್ಮನೆ ಚೆಂಡನ್ನು ಮೇಲಕ್ಕೆ ಎತ್ತಿ ಒದ್ದ. ಹತ್ತಿರದಲ್ಲಿ ಅವರ ಕಡೆಯವರು ಯಾರೂ ಇಲ್ಲ. ಭಟ್ರು ನಿಧಾನವಾಗಿ ಮುಂದೆ ಬಂದು, ಬೀಳುವ ಹಣ್ಣು ಹಿಡಿಯುವವರಂತೆ ಕೈ ಚಾಚಿದರು. ನಾನು ಮಾವನನ್ನು ಬಿಟ್ಟು ಗೋಲಿನ ಪಕ್ಕಕ್ಕೇ ಸರಿದು ನಿಂತಿದ್ದೆ. ಅಷ್ಟು ಹೊತ್ತಿನಿಂದ ಕೇಳಿ ಕೇಳಿ ಆ ಸ್ವರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಪಕ್ಕದಲ್ಲಿ ಆಟ ನೋಡುತ್ತ ನಿಂತಿದ್ದ ಸಪ್ಲೈಯರನ್ನು ನಗಿಸಬೇಕೆನಿಸಿತು. ಮೆಲ್ಲಗೇ ಹೇಳಿದೆ ಅಂದುಕೊಂಡಿದ್ದೇನೆ. ಆದರೆ ಆ ಸ್ವರವನ್ನು ಮೆಲ್ಲಗೆ ಹೇಳಲು ಬರುವುದೇ ಇಲ್ಲ, ಅದರ ಹುಟ್ಟುಗುಣವೇ ಕೂಗು.

"ಬಿಡಿ ಭಟ್ರೇ, ನಂದು."

ಭಟ್ರು ಕೈ ಎತ್ತಿದರು. ಚೆಂಡು ಅವರ ಮುಂದೆ ಬಿದ್ದು, ಆ ಕಲ್ಲು ನೆಲದಿಂದ ಪುಟಿದು, ಎತ್ತಿದ ಕೈಗಳ ನಡುವಿನಿಂದಲೇ ತಲೆ ದಾಟಿ, ಅವಸರವಿಲ್ಲದೆ ಗೋಲಿನೊಳಗೆ ಹೋಯಿತು.

ಅವರ ತಪ್ಪೇನು? ಕ್ರೋಂಪೇಟೆಯ ಆ ಮೈದಾನದಲ್ಲಿ ಸುತ್ತಲೂ ತಮಿಳು. ಬೆನ್ನ ಹಿಂದಿನಿಂದ ಕನ್ನಡ ಬಂದರೆ, ಅದೂ ಆ ಸ್ವರದಲ್ಲಿ, ಅದು ಕ್ಯಾಪ್ಟನ್ ಅಲ್ಲದೆ ಇನ್ಯಾರು? ರೆಫರಿಗೆ ಕನ್ನಡ ಬಂದಿದ್ದರೆ ಆಡದ ನನಗೇ ಕೆಂಪು ಕಾರ್ಡ್ ತೋರಿಸುತ್ತಿದ್ದನೇನೋ. ಅವನು ಸೀಟಿ ಊದಿ ನಡುಗೆರೆಯ ಕಡೆ ಕೈ ತೋರಿಸಿದ. ಗೋಲಿನ ಹಿಂದಿನ ಗುಂಪು ಕುಣಿಯಿತು. ಪಕ್ಕದ ಸಪ್ಲೈಯರ್ ನಗಲಿಲ್ಲ, ನನ್ನ ಮುಖ ನೋಡಿ ಎರಡು ಹೆಜ್ಜೆ ದೂರ ನಿಂತ. ಧಣಿಯ ಸೋದರಳಿಯನ ಮೇಲೆ ದೂರು ಹೇಳುವ ಧೈರ್ಯ ಅವನಿಗೆಲ್ಲಿ?

ಮಾವ ಒಂದೇ ಮಾತು ಹೇಳಿದರು. "ಪೆದ್ದ್ ಗೋಲ್."

ಬಿಡುವಿನಲ್ಲಿ ನಿಂಬೆಹಣ್ಣಿನ ಶರಬತ್ತು ಯಾರಿಗೂ ಬೇಡವಾಯಿತು.

"ನೀವ್ ಬಿಡಿ ಅಂದ್ರಿ, ನಾನ್ ಬಿಟ್ಟೆ" ಎಂದರು ಭಟ್ರು.

"ನಾನ್ ಬಾಯೇ ಬಿಡ್ಲಿಲ್ಲ ಮರ್ರೆ. ಶೂ ಕಟ್ತಾ ಇದ್ದೆ" ಎಂದರು ಕ್ಯಾಪ್ಟನ್.

"ನಾನ್ ಕೇಂಡಿದೆ."

"ಕೇಂಬುಕೆ ನಾನ್ ಹೇಳ್ಬೇಕಲ್ಲ? ತಪ್ಪ್ ಮಾಡಿ ನನ್ನ್ ತಲೆಗೆ ಕಟ್ಬೇಡಿ ಕಾಣಿ."

ಹದಿನೈದು ವರ್ಷಗಳಿಂದ ಒಬ್ಬ ಕೂಗಿ, ಒಬ್ಬ ಆಯ್ತ್ ಎಂದು ಬದುಕಿದವರು ಬೆನ್ನಿಗೆ ಬೆನ್ನು ಮಾಡಿ ಕೂತರು. ನಾನು ಬಾಯಿ ತೆರೆದೆ. ಮಾವನ ಮುಖ ನೋಡಿ, ತೆರೆದ ಬಾಯಿಗೆ ಚಿಪ್ಸ್ ಹಾಕಿಕೊಂಡೆ. ಊರಿನವರ ಸ್ವರವೆಲ್ಲ ಬರುವ ಈ ಗಂಟಲಿಗೆ ಸ್ವಂತ ಸ್ವರ ಬೇಕಾದಾಗ ಬರಲಿಲ್ಲ.

ಎರಡನೆಯ ಅರ್ಧವನ್ನು ನೋಡುವುದೇ ಕಷ್ಟವಾಯಿತು. ಕ್ಯಾಪ್ಟನ್ "ಹಿಡೀರಿ" ಎಂದರೆ ಭಟ್ರು ಮೊದಲು ತಿರುಗಿ ಅವರ ಬಾಯಿ ನೋಡುತ್ತಿದ್ದರು. ಬಾಯಿ ಅಲ್ಲಾಡಿದ್ದು ಕಂಡ ಮೇಲೆ ಚೆಂಡಿನ ಕಡೆ ತಿರುಗುವುದು. ಅಷ್ಟರಲ್ಲಿ ಚೆಂಡು ಬಂದಿರುತ್ತಿತ್ತು. ಒಮ್ಮೆ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಒಮ್ಮೆ ಕಂಬ ಕಾಪಾಡಿತು. ಒಮ್ಮೆ ಇಬ್ಬರೂ ಒಟ್ಟಿಗೆ ನುಗ್ಗಿ, ತಲೆಗೆ ತಲೆ ಹೊಡೆದುಕೊಂಡು ಬಿದ್ದರು. ಚೆಂಡು ಖಾಲಿ ಗೋಲಿನ ಮುಂದೆ ಸುಮ್ಮನೆ ನಿಂತಿತ್ತು, ಹಿಟ್ಟಿನ ಕೆಲಸದವನೊಬ್ಬ ಓಡಿ ಬಂದು ಅದನ್ನು ಗೋಡೆಯ ಕಡೆಗೆ ಒದ್ದ. ಆಮೇಲೆ ಕ್ಯಾಪ್ಟನ್ ಕೂಗುವುದನ್ನೇ ನಿಲ್ಲಿಸಿಬಿಟ್ಟರು. 

"ಮಾವ" ಎಂದೆ.

"ಸುಮ್ನಿರು, ಕಾರ್ನರ್" ಎಂದರು.

ಆಟ ಮುಗಿಯುವ ಹೊತ್ತಿಗೆ ಸಿಕ್ಕಿದ ಕಾರ್ನರ್ ಅದು. ಚೆಂಡು ಗುಂಪಿನ ನಡುವೆ ಬಿತ್ತು, ಯಾರದೋ ಬೆನ್ನಿಗೆ ತಾಗಿತು, ಕಾಫಿ ಹಾಕುವವನ ಮಂಡಿಗೆ ಬಡಿದು ಒಳಗೆ ಉರುಳಿತು. ಅವನಿಗೆ ಗೋಲು ಹೊಡೆದದ್ದು ತಾನು ಎಂದು ತಿಳಿದದ್ದು ಎಲ್ಲರೂ ಅವನ ಮೇಲೆ ಬಿದ್ದ ಮೇಲೆ. ಸರಿಸಮ. ಇನ್ನು ಪೆನಾಲ್ಟಿ.

ಪೆನಾಲ್ಟಿಯಲ್ಲಿ ಯಾರೂ ಕೂಗಬೇಕಾಗಿಲ್ಲ. ಭಟ್ರು ಮತ್ತೆ ಗೆರೆಗೆ ನೀರು ಚಿಮುಕಿಸಿದರು. ಕೊಡೆಯ ಹಿಡಿಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದು ತಿರುಚಿಹೋಯಿತು. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಿಂತಿದ್ದೆ, ಅದರ ಮೇಲೆ ನನಗೆ ಆಗ ನಂಬಿಕೆಯೇ ಇರಲಿಲ್ಲ. ಭಟ್ರು ಒಂದು ಹಿಡಿದರು. ಇನ್ನೊಂದನ್ನು ಬೆರಳ ತುದಿಯಿಂದ ಮೇಲಕ್ಕೆ ಎತ್ತಿದರು. ಗೋಲಿನ ಹಿಂದಿನ ಗುಂಪಿನಿಂದ ದೋಸೆಯ ಮಾತು ನಿಂತೇಹೋಯಿತು. ಆದರೆ ನಮ್ಮವರೂ ಎರಡು ಕಳೆದಿದ್ದರು. ಕೊನೆಗೆ ಅವರದೊಂದು ಗೋಲು ಬಿತ್ತು. ನಮ್ಮದು ಬಿದ್ದರೆ ಆಟ ಮುಂದಕ್ಕೆ, ಇಲ್ಲವಾದರೆ ಮನೆಗೆ. ಚೆಂಡು ಇಟ್ಟವರು ಕ್ಯಾಪ್ಟನ್. ಒದೆಯುವ ಮೊದಲು ಒಮ್ಮೆ ಭಟ್ರ ಕಡೆ ನೋಡಿದರು. ಭಟ್ರು ನೆಲ ನೋಡುತ್ತಿದ್ದರು. ಚೆಂಡು ಗೋಲಿನ ಮೇಲಿನಿಂದ, ಕಾಂಪೌಂಡ್ ಗೋಡೆಯ ಮೇಲಿನಿಂದ ಹಾರಿ ಕಾರ್ಖಾನೆಯೊಳಗೆ ಬಿತ್ತು. ಅದನ್ನು ತರಲು ಯಾರೂ ಹೋಗಲಿಲ್ಲ.

ಸ್ಟೇಷನ್ನಿನಲ್ಲಿ ಬೀಚ್ ಸ್ಟೇಷನ್ ಕಡೆಯ ಟ್ರೇನಿಗೆ ಕಾಯುತ್ತ ಎಲ್ಲರೂ ಬೆಂಚಿನ ಮೇಲೆ, ಚೀಲಗಳ ಮೇಲೆ ಕೂತಿದ್ದೆವು. ಭಟ್ರು ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ನಮಗೆ ಬೆನ್ನು ಮಾಡಿ ಮುಖ ತೊಳೆಯುತ್ತಿದ್ದರು.

"ಎರಡ್ ಹಿಡಿದ್ರ್, ಹೌದ್" ಎಂದರು ಮಾವ. "ಆದ್ರೆ ಮಾತ್ ಮಾತೇ. ಪೆದ್ದ್ ಗೋಲ್ ಬಿತ್ತ್, ಗ್ಲೌಸ್ ಹೋಯ್ತ್."

ಕ್ಯಾಶಿಯರ್ ತನ್ನ ಶೂ ನೋಡಿಕೊಂಡ. ನನಗೆ ಇನ್ನು ತಡೆಯಲಾಗಲಿಲ್ಲ.

"ಮಾವ, ಆ ಗೋಲ್ ನಂದು. ಕ್ಯಾಪ್ಟನ್ ಸ್ವರದಲ್ಲಿ ಬಿಡಿ ಅಂದದ್ದು ನಾನು."

ಮಾವ ಸೋತವರ ನಗು ನಕ್ಕರು. "ಬಿದ್ದ ಗೋಲನ್ನೂ ನಂದೇ ಅಂತ ಹೇಳ್ಕಂಬ ಜನ ನೀನೊಬ್ಬನೇ. ಟ್ರೇನಿನಲ್ಲಿ ನಗ್ಸುಕೆ ಅದೆಲ್ಲ ಸರಿ. ಭಟ್ರ ಕಿವಿಗೆ ನಿನ್ನ್ ನಕಲಿ ನಡೂದಿಲ್ಲ."

ನಾನು ಕ್ಯಾಪ್ಟನ್ ಕಡೆ ನೋಡಿದೆ. ಅವರು ಬೆಂಚಿನ ಮೇಲೆ, ಶೂ ಕೈಯಲ್ಲಿ ಹಿಡಿದು, ತುಟಿ ಬಿಗಿದು ಕೂತಿದ್ದರು. ನಾನು ಮೂಗಿನಿಂದ ಸ್ವರ ಎತ್ತಿದೆ.

"ಎರಡ್ ಮಸಾಲೆ, ಒಂದ್ ಸಾದಾ."

"ಆಯ್ತ್" ಎಂದರು ಭಟ್ರು, ನಲ್ಲಿಯ ಕಡೆಯಿಂದ, ತಿರುಗದೆ.

 ಕ್ಯಾಪ್ಟನ್ ಮೆಲ್ಲಗೆ ತಲೆ ಎತ್ತಿ ನನ್ನನ್ನು ಕರೆದ ಹೆಸರನ್ನು ಕುಂದಾಪುರದಲ್ಲೂ ಹಿರಿಯರ ಮುಂದೆ ಹೇಳುವುದಿಲ್ಲ. ಆಮೇಲೆ ಎದ್ದು ಹೋಗಿ ಭಟ್ರ ಪಕ್ಕದಲ್ಲಿ ನಿಂತು ಏನೋ ಹೇಳಿದರು. ಭಟ್ರು ಒದ್ದೆ ಮುಖದಲ್ಲೇ ನನ್ನನ್ನು ನೋಡಿದರು. ಬೈದಿದ್ದರೆ ಬದುಕುತ್ತಿದ್ದೆ. 

ಮಾವನಿಗೆ ಮಾತ್ರ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡು ಗೊತ್ತಿಲ್ಲ. "ಆದ್ರೂ ಭಟ್ರೇ, ಅಸಲಿ ಯಾವ್ದು ನಕಲಿ ಯಾವ್ದು ತಿಳೀದಷ್ಟ್ ಕಿವಿ ಮಂದ ಆಯ್ತಲ್ದಾ? ಬಪ್ಪ ವರ್ಷ ಗ್ಲೌಸ್ ಇವ್ನಿಗೇ ಇರ್ಲಿ."

ಭಟ್ರು ಟವೆಲಿನಲ್ಲಿ ಮುಖ ಒರೆಸಿಕೊಂಡು ಬಂದರು. ಚೀಲದಿಂದ ಗ್ಲೌಸ್ ತೆಗೆದು, ಮಡಿಸಿ, ಕ್ಯಾಶಿಯರನ ತೊಡೆಯ ಮೇಲಿಟ್ಟರು. ಆಮೇಲೆ ಮಾವನ ಕಡೆ ತಿರುಗಿದರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಟ್ರೇನ್ ತಾಂಬರಂ ಕಡೆಯಿಂದ ಬಂದು ನಿಲ್ಲುವಷ್ಟರಲ್ಲಿ ಕ್ಯಾಶಿಯರ್ ಗ್ಲೌಸನ್ನು ಭಟ್ರ ಚೀಲಕ್ಕೇ ವಾಪಸ್ಸು ತುರುಕಿದ್ದ, ಮಾವ ಬೇರೆ ಕಡೆ ನೋಡುತ್ತಿದ್ದರು. ಭಟ್ರು ಹೇಳಿದ್ದು ಇಷ್ಟೇ:

"ಆಯ್ತ್ ಧಣಿ, ಗ್ಲೌಸ್ ಅವ್ನಿಗೇ ಇರ್ಲಿ. ನಾಳೆ ಬೆಳಿಗ್ಗೆ ಸಟ್ಟುಗವನ್ನೂ ಅವ್ನ್ ಕೈಗೇ ಕೊಡಿ."