ನನಗೆ ಹೇಳದೆ ತಿದ್ದಿದ ಸಾಲುಗಳು

ನನ್ನ ಕಾಯಿಲೆಯನ್ನು ಮೊದಲು ಹಿಡಿದವಳು ಕಮಲಾಪುರದ ನೀಲಮ್ಮ. ಹಿಡಿದದ್ದು ಒಂದು ಕೂಸಿನ ಸ್ವೆಟರಿನಲ್ಲಿ.

ನಾವು ಏಳು ಮಂದಿ ಹೆಂಗಸರು ಪ್ರತಿ ಭಾನುವಾರ ಮಧ್ಯಾಹ್ನ ಕಲಬುರಗಿಯ ಕೋಟೆಯ ಹತ್ತಿರ ಶಾಂತಾ ವೈನಿಯ ಮನೆಯಲ್ಲಿ ಹೆಣಿಗೆಗೆ ಕೂಡುತ್ತೇವೆ. ಅವರು ಯಾರ ಅಣ್ಣನ ಹೆಂಡತಿಯೂ ಅಲ್ಲ, ಆದರೆ ಎಲ್ಲರಿಗೂ ವೈನಿ. ಈ ಬಿಸಿಲೂರಿನಲ್ಲಿ ಸ್ವೆಟರ್ ಯಾರಿಗೆ ಎಂದು ನಮ್ಮ ಮನೆಯವರು ನಗುತ್ತಾರೆ. ತೂಕ ಕಡಿಮೆಯಾಗಿ ಹುಟ್ಟಿದ ಕೂಸುಗಳಿಗೆ ಬಿಸಿಲೂರಿನಲ್ಲೂ ಚಳಿಯಾಗುತ್ತದೆ. ನಾವು ಹೆಣೆದದ್ದು ಹೆರಿಗೆ ವಾರ್ಡಿಗೆ ಹೋಗುತ್ತದೆ.

ನಮ್ಮಲ್ಲಿ ಯಾರ ತಪ್ಪನ್ನೂ ಯಾರೂ ಎತ್ತಿ ಆಡುವುದಿಲ್ಲ. ಎದುರಿಗೆ "ಭಾಳ ಛಲೋ ಬಂದದ ರೀ" ಅನ್ನಬೇಕು, ಅಷ್ಟೆ. ಸಂಜೆ ಎಲ್ಲರ ಹೆಣಿಗೆಯೂ ವೈನಿಯ ಚೀಲ ಸೇರುತ್ತದೆ. ಮುಂದಿನ ವಾರ ಅದು ಕೈಗೆ ಬರುವಾಗ ತಪ್ಪಿದ ಸಾಲುಗಳು ಸರಿಯಾಗಿರುತ್ತವೆ. ವೈನಿ ಬಿಚ್ಚಿ ಹೆಣೆದಿರುತ್ತಾರೆ. ನನ್ನದನ್ನು ಮಾತ್ರ ಅವರು ಮುಟ್ಟಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮೂವತ್ತು ವರ್ಷ ಹೆಣೆದ ಕೈ ನನ್ನದು.

ಆ ಭಾನುವಾರ ವೈನಿ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ನೀಲಮ್ಮ ನಮ್ಮನ್ನೆಲ್ಲ ಕಮಲಾಪುರದ ತನ್ನ ಮನೆಗೆ ಕರೆದಳು. ಹಳೆಯ ಹೆಣಿಗೆ ವೈನಿಯ ಚೀಲದಲ್ಲೇ ಇತ್ತು, ನಾನು ಹೊಸದೊಂದನ್ನು ಶುರುಮಾಡಿ ಬಸ್ಸಿನಲ್ಲೂ ಹೆಣೆಯುತ್ತಲೇ ಹೋದೆ. ಅಂಗಳದಲ್ಲಿ ಕೂತಾಗ ಅವಳು ನನ್ನ ಹೆಣಿಗೆಯನ್ನು ಕೈಗೆತ್ತಿಕೊಂಡು ನೋಡಿದಳು. ತಿರುಗಿಸಿ ಮತ್ತೆ ನೋಡಿದಳು.

"ವಿಜಯಕ್ಕಾ, ಇದು ನೀವು ಹೆಣದದ್ದೇನ್ರಿ?"

"ಮತ್ತ್ಯಾರು?"

"ಎಡಗಡಿ ಕಡ್ಡಿಯೊಳಗ ಇನ್ನೂ ಐದಾರು ಕುಣಿಕಿ ಇರ್ತಾವ, ನೀವು ತಿರುಗಿಸಿಬಿಡ್ತೀರಿ. ಪ್ರತಿ ಸಾಲಿಗೂ ಹಂಗೇ ಮಾಡೀರಿ."

ಉಳಿದವರು ತಲೆ ತಗ್ಗಿಸಿದರು. ನನಗೆ ಸಿಟ್ಟು ಬಂತು. ನೋಡಿದರೆ ಹೌದು. ಎರಡೂ ಅಂಚು ಕುಗ್ಗಿ, ನಡು ಪೂರಿಯ ಹಾಗೆ ಉಬ್ಬಿತ್ತು.

ಊಟಕ್ಕೆ ಕೂತೆವು. ನೀಲಮ್ಮ ಈಗ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಬಲಗಡೆಯ ರೊಟ್ಟಿ, ಶೇಂಗಾ ಹಿಂಡಿ ಮುಗಿದಿತ್ತು. ಎಡಗಡೆಯ ಬದನೆಕಾಯಿ ಪಲ್ಯ ಬಡಿಸಿದ ಹಾಗೆಯೇ ಇತ್ತು. ಬದನೆಕಾಯಿ ಎಂದರೆ ನನಗೆ ಪ್ರಾಣ.

ಅವಳು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. ಆಗ ನನಗೆ ಪಲ್ಯ ಕಂಡಿತು.

ಎಡಭುಜ ಬಾಗಿಲಿಗೆ ಬಡಿಯುತ್ತಿದ್ದದ್ದು, ಎಡಗೈಯಿಂದ ಕಪ್ಪು ಜಾರಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಐವತ್ತಾರಾಯಿತಲ್ಲ, ವಯಸ್ಸು ಅಂದುಕೊಂಡಿದ್ದೆ.

ಮಂಗಳವಾರ ಕಲಬುರಗಿಯಲ್ಲಿ ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ತಲಿಯೊಳಗ ಬಲಗಡಿ ಗಡ್ಡಿ ಅದ ರೀ, ನಿಂಬಿಕಾಯಿಯಷ್ಟು. ಕಣ್ಣು ಛಲೋ ಅವ. ಆದರ ಎಡಗಡಿ ಕಂಡದ್ದನ್ನ ಮೆದುಳು ಲೆಕ್ಕಕ್ಕ ತಗೊಳ್ಳವಲ್ದು. ಯಾವಾಗಿಂದ ಹಿಂಗಾಗ್ಲಾಕತ್ತದ?"

"ಮೊನ್ನೆ ಐತವಾರದಿಂದ," ಅಂದೆ. ಭುಜ ಬಡಿದದ್ದು, ಕಪ್ಪು ಜಾರಿದ್ದು ಯಾವಾಗಿನಿಂದ ಎಂದು ನೆನಪಿರಲಿಲ್ಲ, ಹೆಣಿಗೆ ತಪ್ಪಿದ್ದು ಗೊತ್ತಾದದ್ದು ಅಂದೇ.

ಸಂಜೆ ವೈನಿಗೆ ಫೋನು ಮಾಡಿದೆ. ಆ ಕಡೆ ಅಳು.

"ಎರಡು ತಿಂಗಳಾತು ವಿಜಯಾ. ಪ್ರತಿ ವಾರ ನಾನೇ ಬಿಚ್ಚಿ ಹೆಣೀತಿದ್ದೆ. ನಿನ್ನ ಮನಸ್ಸಿಗೆ ಹತ್ತತದ ಅಂತ ಹೇಳ್ಲಿಲ್ಲ."

ಎರಡು ತಿಂಗಳು.

ಫೋನು ಇಟ್ಟುಬಿಟ್ಟೆ. ಗಡ್ಡೆಯ ಭಯಕ್ಕಿಂತ ಆ ಸಿಟ್ಟೇ ದೊಡ್ಡದಾಗಿತ್ತು. ಎರಡು ತಿಂಗಳ ಹಿಂದೆ ಅದು ಎಷ್ಟಿತ್ತು? ಗೋಲಿಯಷ್ಟೇ ಇತ್ತೇನೋ? ಇಂಥ ಗಡ್ಡೆ ನಿಧಾನಕ್ಕೆ ಬೆಳೆಯುವುದೇ ಹೆಚ್ಚು, ಎರಡು ತಿಂಗಳಲ್ಲಿ ದೊಡ್ಡ ಫರಕು ಆಗಿರಲಿಕ್ಕಿಲ್ಲ ಎಂದು ಮರುದಿನ ಡಾಕ್ಟರು ಹೇಳಿದರು. ಆ "ಇರಲಿಕ್ಕಿಲ್ಲ" ಎಂಬ ಮಾತನ್ನು ನಾನು ದಿನವಿಡೀ ಜಗಿದೆ.

ಆಪರೇಷನ್ ಐದು ತಾಸು ನಡೆಯಿತು. ಎಚ್ಚರವಾದಾಗ ತಲೆಗೆ ಬ್ಯಾಂಡೇಜು. ಎಡಗೈ ನನ್ನದೇ ಹೌದೋ ಅಲ್ಲವೋ ಅನ್ನುವ ಹಾಗೆ ಬಿದ್ದಿತ್ತು. ಬಯಾಪ್ಸಿ ರಿಪೋರ್ಟಿಗೆ ಎಂಟು ದಿನ ಕಾಯಬೇಕಿತ್ತು. ಆ ಎಂಟು ದಿನ ನಮ್ಮ ಮನೆಯವರು ನಗಿಸಲು ನೋಡಿದರು, ಆಗಲಿಲ್ಲ. ಪಾಪ, ಅವರೂ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ವೈನಿ ವಾರ್ಡಿಗೆ ಬಂದರು. ನಾನು ಗೋಡೆಯ ಕಡೆ ಹೊರಳಿದೆ. ಅವರು ಒಂದು ತಾಸು ಕೂತು ಎದ್ದು ಹೋದರು. ಅವರ ಚಪ್ಪಲಿಯ ಸಪ್ಪಳ ದೂರವಾದ ಮೇಲೆ ನನಗೊಂದು ನೆನಪಾಯಿತು. ನೀಲಮ್ಮ ಗುಂಪಿಗೆ ಹೊಸದಾಗಿ ಬಂದಾಗ ಅವಳ ಹೆಣಿಗೆ ಜಾಳುಜಾಳಾಗಿತ್ತು. ಒಂದು ವರ್ಷ ಅದನ್ನು ಬಿಚ್ಚಿ ಹೆಣೆದವರು ವೈನಿ ಮತ್ತು ನಾನು. ಅವಳು ಹೋದ ಮೇಲೆ ನಗುತ್ತಲೂ ಇದ್ದೆವು. ಅವಳಿಗೆ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ವೈನಿಯ ಮೇಲಿನ ಸಿಟ್ಟನ್ನು ಆಮೇಲೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ನಾಚಿಕೆಯಾಯಿತು.

ಎಂಟನೆಯ ದಿನ ಡಾಕ್ಟರು ನಿಂತುಕೊಂಡೇ ಹೇಳಿದರು. "ಬಿನೈನ್ ಅದ ರೀ. ಕ್ಯಾನ್ಸರ್ ಅಲ್ಲ. ಆರು ತಿಂಗಳಿಗೆ ಮತ್ತ ಎಂಆರ್‌ಐ ಮಾಡಬೇಕು."

ನಮ್ಮ ಮನೆಯವರು ಅತ್ತರು. ನಾನು ಅಳಲಿಲ್ಲ. ಆರು ತಿಂಗಳು ಅನ್ನುವುದು ಕಿವಿಯಲ್ಲೇ ಉಳಿದಿತ್ತು.

ಫಿಸಿಯೋಥೆರಪಿಸ್ಟ್ ಹುಡುಗಿ ಎಡಗೈ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಸಿದಳು. ಏನೇ ಮಾಡುವಾಗಲೂ ಆ ಕೆಂಪು ಕಾಣುವವರೆಗೆ ಎಡಕ್ಕೆ ನೋಡಬೇಕು. ನೀಲಮ್ಮ ಆ ದಾರ ಬಿಚ್ಚಿ, ಅಲ್ಲಿ ಕೆಂಪು ಉಲ್ಲನ್ ಕಟ್ಟಿದಳು.

ಎರಡು ತಿಂಗಳಾದ ಮೇಲೆ ಮೊನ್ನೆ ಭಾನುವಾರ ವೈನಿಯ ಮನೆಗೆ ಹೋದೆ. ಎಲ್ಲರೂ ಸರಿದು ಜಾಗ ಕೊಟ್ಟರು. ಇಡೀ ಮಧ್ಯಾಹ್ನ ಕೂತು ಆರು ಸಾಲು ಹೆಣೆದೆ. ವೈನಿಯ ಕೈಗೆ ಕೊಟ್ಟೆ. ಅವರ ಬೆರಳು ಅಭ್ಯಾಸದಂತೆ ಚೀಲದ ಬಾಯಿಗೆ ಹೋಯಿತು. ಅಲ್ಲೇ ನಿಂತಿತು.

"ವಿಜಯಾ," ಅಂದರು. "ನಾಲ್ಕನೇ ಸಾಲಿನ್ಯಾಗ ಎಡಗಡಿ ಎರಡು ಕುಣಿಕಿ ಬಿಟ್ಟೀದಿ ನೋಡು."

ದಣಿದ ಕೈ ಬಿಟ್ಟ ಕುಣಿಕೆಗಳೋ, ಗಡ್ಡೆ ಮತ್ತೆ ಬಂತೋ? ಅದನ್ನು ಎಂಆರ್‌ಐ ಹೇಳಬೇಕು, ಅದಕ್ಕಿನ್ನೂ ದಿನವಿದೆ. ಆದರೆ ವೈನಿ ಹೇಳಿದರು. ಎಲ್ಲರ ಎದುರಿಗೆ, ನನ್ನ ಮುಖ ನೋಡಿ.

"ಕೊಡ್ರಿ ವೈನಿ, ನಾನೇ ಬಿಚ್ತೀನಿ," ಅಂದೆ.

ಮೂರು ಸಾಲು ಬಿಚ್ಚಿದೆ. ಮತ್ತೆ ಹೆಣೆದೆ. ಪ್ರತಿ ಸಾಲಿನ ಕೊನೆಗೂ ಕೆಂಪು ಉಲ್ಲನ್ ಕಾಣುವವರೆಗೆ ತಲೆ ತಿರುಗಿಸಿ ನೋಡಿದೆ. ಆ ಕೆಂಪಿನ ಆಚೆ, ಎಡಗಡೆಯಲ್ಲಿ, ವೈನಿ ಕೂತಿದ್ದರು.