ಕಾರ್ಡಿನಲ್ಲಿ ನಾನು ಬರೆದ ಮೂರು

2019ರಲ್ಲಿ ನಾನು ಹೈದರಾಬಾದಿನ ಕೂಕಟ್‌ಪಲ್ಲಿ ಭಾಗದ ಒಂದು ಸಣ್ಣ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದೆ. ಅಷ್ಟು ಹೊತ್ತಿಗೆ ನನ್ನ ಸೇವೆಗೆ ಇಪ್ಪತ್ತೇಳು ವರ್ಷ ತುಂಬಿತ್ತು. ನಮ್ಮಲ್ಲಿ ಬ್ಲಡ್ ಬ್ಯಾಂಕ್ ಇರಲಿಲ್ಲ. ಫ್ರಿಜ್ಜಿನಲ್ಲಿ ಒಂದೊಂದು ಗುಂಪಿನ ಒಂದೆರಡು ಚೀಲ ರಕ್ತ ಇರುತ್ತಿತ್ತು, ಅಷ್ಟೆ. ಆದ್ದರಿಂದ ಹೆರಿಗೆಯಲ್ಲಿ ತೊಂದರೆಯಾಗಬಹುದೆನಿಸಿದವರನ್ನು ತಿಂಗಳು ತುಂಬುವ ಮೊದಲೇ ನಾಂಪಲ್ಲಿ ಕಡೆಯ ದೊಡ್ಡ ಆಸ್ಪತ್ರೆಗೆ ಬರೆದು ಕಳಿಸುವುದು ನಿಯಮ.

ಯಾರನ್ನು ಕಳಿಸಬೇಕು ಎಂಬುದು ಮೊದಲ ದಿನ ತುಂಬುವ ಕಾರ್ಡಿನಿಂದ ಗೊತ್ತಾಗುತ್ತದೆ. ಅದರಲ್ಲಿ ‘ಪ್ಯಾರಿಟಿ’ ಎಂಬ ಒಂದು ಚೌಕವಿದೆ. ಹಿಂದೆ ಎಷ್ಟು ಹೆರಿಗೆಯಾಗಿವೆ ಎಂಬ ಲೆಕ್ಕ ಅದು. ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತೇವೆ. ಅನೇಕ ಹೆರಿಗೆ ಕಂಡ ಗರ್ಭಕೋಶ ದಣಿದಿರುತ್ತದೆ; ಮಗು ಹೊರಬಂದ ಮೇಲೆ ಅದು ಬಿಗಿಯಾಗಿ ಮುದುಡಿಕೊಳ್ಳದಿದ್ದರೆ ರಕ್ತ ನಿಲ್ಲುವುದಿಲ್ಲ.

ಆ ವರ್ಷ ಜೂನ್‌ನಲ್ಲಿ ಸಾರಮ್ಮ ಮೊದಲ ಸಲ ಬಂದಳು. ಬೀದರ್ ಜಿಲ್ಲೆಯವಳು. ಗಂಡ ದೇವದಾಸ ಟೈಲ್ಸ್ ಹಾಕುವ ಕೆಲಸಗಾರ. ಪ್ರತಿ ಭಾನುವಾರ ತಗಡಿನ ಶೆಡ್ಡೊಂದರಲ್ಲಿ ಸೇರುವ ಚಿಕ್ಕ ಕ್ರೈಸ್ತ ಪ್ರಾರ್ಥನಾ ಸಭೆಗೆ ಸೇರಿದ ಕುಟುಂಬ. ಮಕ್ಕಳು ದೇವರ ಕೊಡುಗೆ, ಬೇಡವೆನ್ನುವ ಹಕ್ಕು ನಮಗಿಲ್ಲ ಎಂಬುದು ಆ ಸಭೆಯವರ ನಂಬಿಕೆ. ನಾನು ಕಲಬುರಗಿ ಕಡೆಯವಳಾದ್ದರಿಂದ ಅವಳ ಮಾತು ಕೇಳಿ ತವರಿನವರು ಸಿಕ್ಕಂತಾಯಿತು. ಅವಳ ಸೆರಗು ಹಿಡಿದು ಮೂರು ಮಕ್ಕಳು ನಿಂತಿದ್ದವು. ಹಿಂದೆ ಉದ್ದನೆಯ ಸಾಲು.

“ಎಷ್ಟು ಮಕ್ಕಳವ್ವ?” ಎಂದೆ.

“ದೇವ್ರು ಕೊಟ್ಟಷ್ಟು ಅದಾವ್ರಿ ಅಕ್ಕಾರ.”

“ನಿಮ್ಮ ದೇವ್ರ ಕೈ ಭಾಳ ಉದ್ದ ಕಾಣ್ತದ. ಹಿಂಗೇ ನಡದ್ರ ಸಾಲಿನೂ ನೀವ ತೆರೀಬೇಕು, ಮಾಸ್ತರನ್ನೂ ನೀವ ಹಡೀಬೇಕು!”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವಳೂ ನಕ್ಕಳು. ನಾನು ಎದುರಿಗಿದ್ದ ಮೂರು ತಲೆ ನೋಡಿ ಚೌಕದಲ್ಲಿ ‘3’ ಎಂದು ಬರೆದು ಮುಂದಿನವರನ್ನು ಕರೆದೆ. ಆಮೇಲಿನ ಐದು ತಿಂಗಳಲ್ಲಿ ಅವಳನ್ನು ನೋಡಿದವರೆಲ್ಲ ಅದೇ ಅಂಕಿಯನ್ನು ನಕಲು ಮಾಡಿದರು. ಹೆಡ್ ನರ್ಸ್ ಬರೆದದ್ದನ್ನು ಮತ್ತೆ ಯಾರು ಕೇಳುತ್ತಾರೆ?

ನವೆಂಬರಿನ ಒಂದು ಮಧ್ಯಾಹ್ನ ಅವಳು ನೋವು ತಿನ್ನುತ್ತ ಬಂದಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ಮಗುವಿನ ಹಿಂದೆ ಬೀಳುವ ಮಾಸೂ ಪೂರ್ತಿಯಾಗಿ ಬಂತು. ಆಮೇಲೆ ರಕ್ತ ಶುರುವಾಯಿತು.

ಡ್ಯೂಟಿಯಲ್ಲಿದ್ದವರು ಡಾಕ್ಟರ್ ಪದ್ಮಜಾ. ವಯಸ್ಸು ಚಿಕ್ಕದು, ಕೈ ಚುರುಕು. ಗರ್ಭಕೋಶ ಬಿಗಿಯಾಗುವ ಇಂಜೆಕ್ಷನ್ ಕೊಟ್ಟರು. ನಾನು ಹೊಟ್ಟೆಯ ಮೇಲಿನಿಂದ ತಿಕ್ಕಿದೆ. ತಿಕ್ಕಿದಾಗ ಅದು ತೆಂಗಿನಕಾಯಿಯಂತೆ ಗಟ್ಟಿಯಾಗುತ್ತಿತ್ತು. ಕೈ ತೆಗೆದರೆ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತಿತ್ತು. ಎರಡನೆಯ ಇಂಜೆಕ್ಷನ್‌ಗೆ ರಕ್ತ ತುಸು ಕಡಿಮೆಯಾಯಿತು.

“ಸಿಸ್ಟರ್, ಪ್ಯಾರಿಟಿ ಎಷ್ಟು?” ಎಂದು ಅವರು ತೆಲುಗಿನಲ್ಲಿ ಕೇಳಿದರು.

“ಮೂರು, ಮೇಡಂ.”

“ಮೂರೇ ಆದರೆ ಗರ್ಭಕೋಶ ತಾನೇ ಬಿಗಿದುಕೊಳ್ಳಬೇಕು. ಅರ್ಧ ಗಂಟೆ ನೋಡೋಣ.”

ಕಾಯುವುದು ತಪ್ಪಾಗಿರಲಿಲ್ಲ. ಮೂರು ಎಂಬುದು ನಿಜವಾಗಿದ್ದರೆ.

ಎರಡು ಗಂಟೆ ಐವತ್ತಕ್ಕೆ ಬೇಸಿನ್ನಿನಲ್ಲಿ ಕೂಡಿದ ರಕ್ತ ಒಂಬೈನೂರು ಎಂ.ಎಲ್. ಆಗಿತ್ತು. ಬಿ.ಪಿ. ಎಂಬತ್ತಕ್ಕೆ ಇಳಿದಿತ್ತು. ಅವಳ ಗುಂಪಿನ ರಕ್ತ ಫ್ರಿಜ್ಜಿನಲ್ಲಿ ಒಂದೇ ಚೀಲ ಇತ್ತು; ಅದನ್ನು ಏರಿಸಿದೆವು. ಒಪ್ಪಿಗೆಯ ಕಾಗದಕ್ಕೆ ಗಂಡನ ಸಹಿ ಬೇಕೆಂದು ನಾನು ಹೊರಗೆ ಓಡಿದೆ.

ಕಾರಿಡಾರಿನಲ್ಲಿ ಸಾರಮ್ಮನ ಅತ್ತೆ ಮೊಣಕಾಲೂರಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ದೇವದಾಸ ಪಕ್ಕದಲ್ಲಿ ತಲೆ ಬಾಗಿಸಿ ತಾಯಿಯ ಪ್ರಾರ್ಥನೆ ಕೇಳುತ್ತ ಕೂತಿದ್ದ.

“ರೂತ್‌ಗ ತಾಯಿ ಬೇಕಪ್ಪ. ದಾನಿಯೇಲಗ ಬೇಕು. ಹನ್ನಳಿಗೆ ಬೇಕು. ಸಮುವೇಲಗ ಬೇಕು...”

ಸಹಿಗೆ ಕಾಗದ ಚಾಚಿದ ನನ್ನ ಕೈ ಅಲ್ಲೇ ನಿಂತಿತು. ನಾಲ್ಕಾಯಿತಲ್ಲ?

“...ಎಸ್ತೇರಳಿಗೆ ಬೇಕು. ಯೋನಗ ಬೇಕು. ನಮ್ಮ ಮಾರ್ಥ ಇನ್ನೂ ಮೊಲಿ ಬಿಟ್ಟಿಲ್ಲ, ಆಕಿಗಿ ಬೇಕು. ಉಳಸಪ್ಪ.”

ಬೆರಳ ಗೆಣ್ಣಿನ ಮೇಲೆ ನನ್ನ ಹೆಬ್ಬೆರಳು ಏಳರಲ್ಲಿ ನಿಂತಿತ್ತು.

“ದೇವದಾಸ, ಇವೆಲ್ಲಾ ನಿಮ್ಮ ಮಕ್ಕಳೇನು? ಸಾರಾ ಹಡದಿದ್ದು?”

“ಹೌದ್ರಿ ಅಕ್ಕಾರ. ನಾಕು ಊರಾಗ ನಮ್ಮಣ್ಣನ ಮನ್ಯಾಗ ಓದಲಕತ್ತಾವ.”

ನಾನು ಒಳಗೆ ಹೇಗೆ ಹೋದೆನೋ ನೆನಪಿಲ್ಲ. “ಮೇಡಂ, ಮೂರಲ್ಲ, ಏಳು. ಇದು ಎಂಟನೇದು,” ಎಂದದ್ದು ಮಾತ್ರ ನೆನಪಿದೆ. ಪದ್ಮಜಾ ಒಂದು ಕ್ಷಣ ನನ್ನ ಮುಖ ನೋಡಿದರು. ಬೈಯಲಿಲ್ಲ. “ಬಲೂನ್ ಕೊಡಿ. ಆ್ಯಂಬುಲೆನ್ಸ್ ಕರೆಸಿ. ಈಗಲೇ,” ಎಂದರು. ಗರ್ಭಕೋಶದೊಳಗೆ ಬಲೂನ್ ಇಟ್ಟು ಸಲೈನ್ ತುಂಬಿ ಒಳಗಿನಿಂದ ಒತ್ತಿ ಹಿಡಿಯುವ ಉಪಾಯ ಅದು. ಆ್ಯಂಬುಲೆನ್ಸ್ ಹೊರಟಾಗ ಮೂರು ಗಂಟೆ ಇಪ್ಪತ್ತು.

ನಾನೂ ಜೊತೆಗೆ ಹತ್ತಿದೆ. ಮೆಟ್ರೋ ಕಂಬಗಳ ಕೆಳಗೆ ಗಾಡಿಗಳು ಕದಲದೆ ನಿಂತಿದ್ದವು. ಸೈರನ್ ಕೂಗುತ್ತಲೇ ಇತ್ತು. ನನ್ನ ಎರಡೂ ಕೈ ಅವಳ ಹೊಟ್ಟೆಯ ಮೇಲೆ ಒತ್ತಿ ಹಿಡಿದು ಮರಗಟ್ಟಿದ್ದವು. ಅವಳಿಗೆ ಎಚ್ಚರವಿತ್ತು. ತುಟಿ ಬೆಳ್ಳಗಾಗಿತ್ತು.

“ಅಕ್ಕಾರ, ಚೀಲ ತೆಗೀಬ್ಯಾಡಂತ ಹೇಳ್ರಿ ಅವ್ರಿಗಿ.”

ಚೀಲ ಎಂದರೆ ಗರ್ಭಚೀಲ. ಅಲ್ಲಿಯವರೆಗೆ, ಈ ಹೆಣ್ಣನ್ನು ಗಂಡನೋ ಸಭೆಯೋ ಹೆರಲು ದೂಡುತ್ತಿದೆ ಎಂದೇ ನಾನು ನಂಬಿದ್ದೆ.

“ಇನ್ನೂ ಬೇಕೇನವ್ವ ನಿನಗ?”

“ಬೇಕ್ರಿ. ನಾ ಒಬ್ಬಾಕಿನೇ ಬೆಳದಾಕಿ. ಮನಿ ತುಂಬಿರಬೇಕು.” ನನ್ನ ಮಣಿಕಟ್ಟು ಹಿಡಿದು, “ಜೀವ ಉಳಿಯಂಗಿಲ್ಲ ಅಂದ್ರ ಅಷ್ಟ ತೆಗೀರಿ,” ಎಂದಳು.

ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದಾಗ ನಾಲ್ಕು ಗಂಟೆ ಐದು. ಅವಳ ಮಾತನ್ನು ನಾನು ಅಲ್ಲಿನ ಸರ್ಜನ್‌ಗೆ ಹಾಗೆಯೇ ಹೇಳಿದೆ. ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು. ಅವರು ಮೊದಲು ಗರ್ಭಕೋಶವನ್ನು ಸುತ್ತಿ ಹೊಲಿಗೆ ಹಾಕಿ ನೋಡಿದರು. ರಕ್ತ ನಿಲ್ಲಲಿಲ್ಲ. ಆರು ಚೀಲ ರಕ್ತ ಹೋದ ಮೇಲೆ ಗರ್ಭಕೋಶ ತೆಗೆದರು. ಹೊರಗೆ ಬಂದು ಮಾಸ್ಕ್ ಇಳಿಸಿ ಸರ್ಜನ್ ಅಂದದ್ದು ಇಷ್ಟೆ: “ಪ್ರಾಣ ಉಳಿದಿದೆ. ಒಂದು ಗಂಟೆ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ.”

ನಮ್ಮ ವಾರ್ಡಿನಲ್ಲಿ ಮರುದಿನ ಒಬ್ಬಾಕೆ, “ಒಳ್ಳೇದೇ ಆಯ್ತು ಬಿಡಿ ಸಿಸ್ಟರ್, ಇನ್ನಾದರೂ ನಿಲ್ಲುತ್ತದೆ,” ಎಂದಳು. ಹಿಂದಿನ ವಾರವಾಗಿದ್ದರೆ ಆ ಮಾತನ್ನು ನಾನೇ ಆಡುತ್ತಿದ್ದೆ. ಅಂದು ಔಷಧದ ಟ್ರೇ ಹಿಡಿದು ಆಚೆ ಹೋದೆ.

ಐದನೆಯ ದಿನ ಸಾರಮ್ಮನನ್ನು ನೋಡಲು ದೊಡ್ಡ ಆಸ್ಪತ್ರೆಗೆ ಹೋದೆ. ಮಗು ಪಕ್ಕದಲ್ಲಿ ಮಲಗಿತ್ತು. ಕೂತು ಹೇಳಿದೆ: “ಸಾರಾ, ಕಾರ್ಡಿನ್ಯಾಗ ಮೂರು ಅಂತ ಬರದಾಕಿ ನಾನ. ಏಳು ಅಂತ ಬರದಿದ್ರ ನಿನ್ನ ಮೊದಲೇ ಇಲ್ಲಿಗಿ ಕಳಸತಿದ್ವಿ.”

“ಗೊತ್ತದರಿ. ನನಗ ಓದಲಿಕ್ಕ ಬರ್ತದ. ಅವತ್ತೇ ನೋಡಿದ್ದೆ.”

“ಹಂಗಾರ ಯಾಕ ಹೇಳಲಿಲ್ಲವ್ವ?” ಎಂದೆ.

“ನಮ್ಮಲ್ಲಿ ಮಕ್ಕಳನ್ನ ಎಣಿಸಂಗಿಲ್ಲರಿ. ಕೊಟ್ಟಾಂವಗ ಲೆಕ್ಕ ತೋರಿಸಿದಂಗ ಆಗ್ತದ. ಹೆಸರು ಕೇಳಿದ್ರ ಹೇಳತಿದ್ದೆ.” ಮಗುವಿನ ಟೋಪಿ ಸರಿಮಾಡಿದಳು. “ನೀವು ಕೇಳಲಿಲ್ಲ ಅಕ್ಕಾರ, ನಕ್ಕಿರಿ. ಮೂರಕ್ಕ ಇಷ್ಟು ನಕ್ಕಾವ್ರು, ಉಳದದ್ದು ಹೇಳಿದ್ರ ಎಷ್ಟು ನಗತಿದ್ರಿ?”

ಕೋಪದಿಂದ ಹೇಳಿದ್ದರೆ ಸಹಿಸಬಹುದಿತ್ತು. ಅವಳ ದನಿಯಲ್ಲಿ ಕೋಪವಿರಲಿಲ್ಲ.

ನಡೆದದ್ದನ್ನು ಬರೆದು ಮೇಲಿನವರಿಗೆ ಕೊಟ್ಟೆ. ನೋಟಿಸ್ ಬಂತು, ಉತ್ತರಿಸಿದೆ. ಎಷ್ಟು ಮಕ್ಕಳಿರಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಎಂಟು ಹೆರಿಗೆ ದೇಹಕ್ಕೆ ಅಪಾಯವೇ. ಕೇಳಿದವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ಅಪಾಯವನ್ನು ಅಳೆದು ಅವಳ ಮುಂದಿಡುವುದು ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟು, ಸಾಲಿನಲ್ಲಿದ್ದವರನ್ನು ನಗಿಸಿದೆ.

ನಿವೃತ್ತಿಯವರೆಗೆ ಮತ್ತೆ ಯಾವ ಗರ್ಭಿಣಿಯನ್ನೂ “ಎಷ್ಟು ಮಕ್ಕಳು” ಎಂದು ಕೇಳಲಿಲ್ಲ. ಪೆನ್ನು ಕೆಳಗಿಟ್ಟು, “ನಿನ್ನ ಮಕ್ಕಳ ಹೆಸರು ಹೇಳವ್ವ, ದೊಡ್ಡವರಿಂದ,” ಎನ್ನುತ್ತಿದ್ದೆ. ಮೇಜಿನ ಕೆಳಗೆ ಬೆರಳು ಮಡಿಸುತ್ತಿದ್ದೆ. ಒಮ್ಮೆ ಒಬ್ಬ ತಾಯಿ ಎರಡು ಹೆಸರು ಹೇಳಿ ಸುಮ್ಮನಾದಳು. ನಾನು ಪೆನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹುಟ್ಟಿದ ದಿನವೇ ಹೋದ ಮಗನ ಹೆಸರನ್ನೂ ಅವಳು ಹೇಳಿದಳು. ಆಗ ಚೌಕದಲ್ಲಿ ಮೂರು ಎಂದು ಬರೆದೆ. ಆ ಮೂರು ಸರಿಯಾಗಿತ್ತು.