ದೇವರ ಮನೆಯ ಹಲಸಿನ ಬಾಗಿಲು

ಅಣ್ಣನ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡು, ಎರಡು ಹಲಗೆ ಜೋಡಿಸಿದ ಹಾಗೆ ಬೆಳೆದಿತ್ತು. ಅದೇ ಉಗುರಿನಿಂದ ಮರವನ್ನು ಗೀರಿ, ಮೂಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ಮೂಡಲಪಾಳ್ಯದಲ್ಲಿ ನಮ್ಮ ಮರಗೆಲಸದ ಶೆಡ್ಡು. ಕೊಯ್ಯುವುದು, ಕೂಡಿಸುವುದು ಅವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನದು ಪಾಲಿಶ್ ಕೆಲಸ.

ಮನೆಯಲ್ಲಿ ಎಲ್ಲ ಮರವೂ ಒಂದೇ ಬಣ್ಣ ಕಾಣಬೇಕು ಎಂದು ಯಾರಾದರೂ ಹೇಳಿದರೆ ಅಣ್ಣ ನಗುತ್ತಿದ್ದ. “ತೇಗ ತೇಗದ್ ಥರ ಇರ್ಲಿ, ಹಲಸು ಹಲಸಿನ್ ಥರ ಇರ್ಲಿ ಬಿಡಿ ಸಾರ್. ಅಣ್ತಮ್ಮ ಅಂದ್ಮಾತ್ರಕ್ಕೆ ಒಂದೇ ಮೂತಿ ಇರ್ಬೇಕಾ?” ಕೆಲಸಕ್ಕೆ ಮೊದಲು ಮರದ ತುಂಡುಗಳನ್ನು ಆ ಮನೆಯ ಕಿಟಕಿ ಹತ್ತಿರ ಇಟ್ಟು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡುತ್ತಿದ್ದ. ಯಾವುದರ ಪಕ್ಕ ಯಾವುದು ಎಂಬುದು ಆಮೇಲೆಯೇ ತೀರ್ಮಾನ.

ಆರ್‌ಪಿಸಿ ಲೇಔಟಿನಲ್ಲಿ ಟೀಚರೊಬ್ಬರು ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದರು. ಅವರ ತಂದೆ ಕಾಲದ ತೇಗದ ಚೌಕಟ್ಟನ್ನು ಉಳಿಸಿಕೊಂಡು, ಅದಕ್ಕೆ ಅಣ್ಣ ದೇವರ ಮನೆಯ ಬಾಗಿಲನ್ನು ಹಲಸಿನಲ್ಲಿ ಮಾಡಿದ. ಅರಿಶಿನದಂಥ ಹಳದಿ.

“ಎಣ್ಣೆ ಒರೆಸು ಸಾಕು. ಹಲಸು ಬೆಳಕಿಗೆ ತಾನಾಗೇ ಕೆಂಪಾಗುತ್ತೆ ಕಣೋ. ಎರಡ್ ವರ್ಷದಲ್ಲಿ ತೇಗಕ್ಕೆ ಸರಿಜೋಡಿ ಆಗುತ್ತೆ” ಎಂದು ಹೇಳಿ, ಒಂದು ಮದುವೆಗೆಂದು ಊರಿಗೆ ಹೋದ.

ಗೃಹಪ್ರವೇಶ ಹತ್ತಿರವಿತ್ತು. ಆ ಹಳದಿ ನನಗೆ ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಂಡಿತು. ನಾನೂ ಬಲ್ಲವನು ಎಂದು ತೋರಿಸುವ ಆಸೆ ಬೇರೆ. ಟೀಚರನ್ನೂ ಕೇಳದೆ ಕಂದು ಬಣ್ಣ ಕುಡಿಸಿ, ಚೌಕಟ್ಟಿಗೆ ಹೊಂದಿಸಿದೆ. ಬಂದವರೆಲ್ಲ ಮೆಚ್ಚಿದರು. ಅಣ್ಣ ಮಾತ್ರ ಬಾಗಿಲ ಮುಂದೆ ನಿಂತು, “ಏನ್ ಅರ್ಜೆಂಟಿತ್ತೋ ನಿಂಗೆ?” ಎಂದ.

ಎರಡು ವರ್ಷಕ್ಕೆ ಹಲಸು ಒಳಗಿಂದ ಕೆಂಪಾಯಿತು, ಮೇಲೆ ನನ್ನ ಕಂದು. ಟೀಚರ್ ಶೆಡ್ಡಿಗೇ ಬಂದರು. “ಬಾಗ್ಲು ಹೊಗೆ ಹಿಡಿದಂಗೆ ಕರ್ರಗಾಗಿದೆ. ಆ ಬಣ್ಣ ಹಾಕು ಅಂತ ಯಾರಪ್ಪ ಹೇಳಿದ್ದು?”

ಅಣ್ಣ ಅಲ್ಲೇ ಹಲಗೆಗೆ ಕೀಸುಳಿ ಹೊಡೆಯುತ್ತಿದ್ದ. ನಾನು ತಲೆ ಎತ್ತದೆ, “ಅಣ್ಣನೇ ಹೇಳಿದ್ದು ಮೇಡಂ” ಎಂದೆ.

ಕೀಸುಳಿಯ ಸದ್ದು ನಿಂತಿತು. “ಹೂಂ ಮೇಡಂ, ನಾನೇ. ಕೆರೆದು ಸರಿ ಮಾಡ್ಕೊಡ್ತೀನಿ” ಎಂದ ಅಣ್ಣ.

ಗಾಜಿನ ಚೂರು ಹಿಡಿದು ಮೂರು ದಿನ ಕೆರೆದ. ಬಣ್ಣ ಮರದೊಳಗೆ ಇಳಿದಿತ್ತು. ಗೆರೆಗಳಲ್ಲಿ ಕಪ್ಪು ಉಳಿದೇ ಹೋಯಿತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆ ಬೀದಿಯವರು ಮತ್ತೆ ಅವನನ್ನು ಕರೆಯಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಬ್ಬ ನಮಗೆ ಕೇಳಿಸುವಂತೆಯೇ, “ಇವ್ರಿಗೆ ಮರ ಗೊತ್ತಿಲ್ಲ ಗುರು” ಎಂದಾಗ ಅಣ್ಣ ತಲೆ ತಗ್ಗಿಸಿ ಸ್ಕ್ರೂ ಆರಿಸುತ್ತಿದ್ದ. ನಾನು ಪಕ್ಕದಲ್ಲೇ ಇದ್ದೆ.

ಹೋದ ವರ್ಷ ಅಣ್ಣ ತೀರಿಕೊಂಡ. ಹನ್ನೊಂದನೇ ದಿನದ ಊಟಕ್ಕೆ ಟೀಚರೂ ಬಂದಿದ್ದರು. “ನಿಮ್ಮಣ್ಣ ಒಳ್ಳೇ ಕೆಲಸಗಾರರು ಕಣಪ್ಪ. ನಮ್ಮನೆ ಬಾಗಿಲಲ್ಲಿ ಮಾತ್ರ ಯಾಕೋ ಎಡವಿಬಿಟ್ರು” ಎಂದರು. ಅತ್ತಿಗೆ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

“ಹೌದು ಮೇಡಂ” ಎಂದೆ.